ಗದ್ದಲದೊಳಗಿನ ಒಂದು ಕೂಗು

ಅಥವಾ ಆ ದಿನ ಹಿಮವೇ ಬಿದ್ದಿರಲಿಲ್ಲವೇನೊ. ನನ್ನ ನೆನಪಿನಲ್ಲಿ ಅಬು ಸಾಮಿ ನಮ್ಮ ಬಾಗಿಲ ಮುಂದೆ ನಿಂತಿದ್ದಾರೆ. ಭುಜದ ಮೇಲೆ ಹಿಮ, ಕೈಗೆ ಗವಸಿಲ್ಲ, ಅಂಗೈಯಲ್ಲಿ ಹಳೆಯ ಕ್ಯಾಸೆಟ್. ಚಿತ್ರ ತೀರಾ ಚೆನ್ನಾಗಿದೆ, ಅದಕ್ಕೇ ಅದನ್ನು ನಂಬುವುದು ಕಷ್ಟ. ನನ್ನ ಗಂಡ ಶ್ರೀಧರನನ್ನು ಕೇಳಿದರೆ, "ಅವತ್ತು ಬರೀ ಮಳೆ ಕಣೇ. ಫ್ಯಾರನ್‌ಹೀಟಲ್ಲಿ ನಲವತ್ತು ಡಿಗ್ರಿ ಇತ್ತು. ಅವ್ರು ಕ್ಯಾಸೆಟ್ಟನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬಂದಿದ್ರು," ಎನ್ನುತ್ತಾನೆ. ಮೈಸೂರಿನವನು, ಹವಾಮಾನದ ವಿಷಯದಲ್ಲಿ ಸೋಲುವವನಲ್ಲ. ಇರಬಹುದು. ಹಾಗಾದರೆ ಆ ಹಿಮವನ್ನು ಅವರ ಭುಜದ ಮೇಲೆ ಉದುರಿಸಿದ್ದು ನಾನೇ.

ಇವತ್ತು ಬೆಳಿಗ್ಗೆ ಡೆಟ್ರಾಯ್ಟ್ ಪಕ್ಕದ ವಾರೆನ್ ಊರಿನ ನಮ್ಮ ಲ್ಯಾಬಿನಲ್ಲಿ, ಪ್ರತಿಧ್ವನಿ ಇಲ್ಲದ ಕೋಣೆಯ ಗೋಡೆಗಳಿಗೆ ಹೊಸ ಫೋಮ್ ಅಂಟಿಸಿದ್ದರು. ಬಾಗಿಲು ತೆರೆದ ಕೂಡಲೇ ಅಂಟಿನ ವಾಸನೆ ಮುಖಕ್ಕೆ ಹೊಡೆಯಿತು. ಆ ಚಳಿಗಾಲದಲ್ಲೂ ಇದೇ ವಾಸನೆಯಿತ್ತು. ವಾಸನೆಯ ಹಿಂದೆ ನೆನಪು ಬರುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಕಾರಿನೊಳಗೆ ಕೇಳಬಾರದ ಸದ್ದನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ಬಾಗಿಲ ಸಂದಿನ ಗಾಳಿ, ಡ್ಯಾಶ್‌ಬೋರ್ಡಿನ ಕಿರಿಕಿರಿ, ಟೈರಿನ ಗುಂಯ್‌ಗುಡುವಿಕೆ. ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ನಾನು 'ಆ ಸೌಂಡ್ ಲೇಡಿ'. ಯಾರದಾದರೂ ಕಾರು ಸದ್ದು ಮಾಡಿದರೆ ನಮ್ಮ ಡ್ರೈವ್‌ವೇಗೆ ತಂದು ನಿಲ್ಲಿಸುತ್ತಾರೆ. ಎದುರು ಮನೆಯ ಅಬು ಸಾಮಿ ಹಾಗೆ ಬಂದವರಲ್ಲ. ಅವರು ಡಮಾಸ್ಕಸ್‌ನವರು. ಯೌವನದಲ್ಲೇ ಇಲ್ಲಿಗೆ ಬಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಹಲ್ಲಿನ ಡಾಕ್ಟರಾಗಿರುವ ಮಗ ಸಾಮಿಯ ಜೊತೆ ಇದ್ದರು. ಅವರಲ್ಲಿ ತಂದೆಯನ್ನು ಹಿರಿಯ ಮಗನ ಹೆಸರು ಹಿಡಿದೇ ಕರೆಯುತ್ತಾರೆ. ಅಬು ಸಾಮಿ ಎಂದರೆ ಸಾಮಿಯ ಅಪ್ಪ. ಎದುರು ಮನೆಯಲ್ಲಿ ಅಷ್ಟು ವರ್ಷ ಇದ್ದೂ ಅವರ ಸ್ವಂತ ಹೆಸರು ನನಗೆ ಗೊತ್ತಿರಲಿಲ್ಲ.

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೆ ಈಗ ನೆನೆದರೆ ಅವರು ಧಾರವಾಡದ ಕನ್ನಡ ಮಾತಾಡುತ್ತಾರೆ, ಥೇಟ್ ನನ್ನ ಅಜ್ಜನ ಹಾಗೆ. ತಿದ್ದಿ ನೋಡಿದೆ, ಆಗಲಿಲ್ಲ. ಹಾಗೇ ಬರೆಯುತ್ತೇನೆ. ಇದನ್ನು ಸುಳ್ಳು ಎನ್ನುವವರು ಎನ್ನಲಿ.

"ನೀ ಸದ್ದಿನ ಕೆಲಸ ಮಾಡ್ತಿ ಅಲ್ಲ, ಮಗಳ?"

"ಹೌದ್ರಿ. ಒಳಗ ಬರ್ರಿ, ಥಂಡಿ ಅದ."

"ಇದರಾಗ ನಮ್ಮಣ್ಣ ಅದಾನ," ಎಂದು ಕ್ಯಾಸೆಟ್ ಮುಂದೆ ಹಿಡಿದರು. "ಮಂದ್ಯಾಗ ಸಿಕ್ಕೊಂಡಾನ. ಹೊರಗ ತಗದು ಕೊಡು."

ಅದು ಸಿರಿಯಾದ ಸರ್ಕಾರ ಬಿದ್ದ ಡಿಸೆಂಬರ್. ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಮನೆತನ, ಒಂದೇ ಪಕ್ಷ ಆಳಿದ ದೇಶ. ಕೆಲವೇ ದಿನಗಳಲ್ಲಿ ಎಲ್ಲ ಕುಸಿದು ಅಧ್ಯಕ್ಷ ಓಡಿಹೋದ. ಇಲ್ಲಿ ಅರಬರೇ ಹೆಚ್ಚಿರುವ ಡಿಯರ್‌ಬಾರ್ನ್‌ನ ಬೀದಿಗಳಲ್ಲಿ ಕಾರುಗಳ ಹಾರ್ನು, ಕಿಟಕಿಯಿಂದ ಹೊರಬಂದ ಹೊಸ ಬಾವುಟಗಳು. ಸಾಮಿ ತನ್ನ ಗ್ಯಾರೇಜಿನ ಬಾಗಿಲಿಗೂ ಒಂದು ಬಾವುಟ ಕಟ್ಟಿದ. ಅವನಪ್ಪ ಮಾತ್ರ ಸೋಫಾದ ಮೂಲೆಯಲ್ಲಿ ಫೋನು ಹಿಡಿದು ಕೂತಿದ್ದರು. ತೆರೆದ ಜೈಲುಗಳ ವೀಡಿಯೊಗಳು. ಹೊರಗೆ ಬರುತ್ತಿದ್ದ ಮುಖಗಳಲ್ಲಿ ಅವರು ಅಣ್ಣ ಯಾಸೀನ್‌ನನ್ನು ಹುಡುಕುತ್ತಿದ್ದರು. ಮೇಷ್ಟರಾಗಿದ್ದ ಯಾಸೀನ್‌ನನ್ನು ಎಂಬತ್ತರ ದಶಕದ ಆರಂಭದಲ್ಲಿ ಶಾಲೆಯಿಂದಲೇ ಎತ್ತಿಕೊಂಡು ಹೋಗಿದ್ದರು. ಆಮೇಲೆ ಒಂದು ಸುದ್ದಿಯಿಲ್ಲ. ಹೆದರಿದ ತಾಯಿ ಅವನ ಫೋಟೋಗಳನ್ನೆಲ್ಲ ಒಲೆಗೆ ಹಾಕಿದ್ದಳು.

ವೀಡಿಯೊಗಳು ಮುಗಿದವು. ಅಣ್ಣ ಬರಲಿಲ್ಲ. ಆ ಚಳಿಗಾಲ ಅಂಥ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಸತ್ತನೆಂದು ದುಃಖಕ್ಕೆ ಕೂರುವುದೋ, ಇನ್ನೂ ಕಾಯುವುದೋ. ಸಾವಿನ ಸುದ್ದಿಯಿಲ್ಲದೆ ಅವರಲ್ಲಿ ದುಃಖಕ್ಕೆ ಕೂರುವಂತಿಲ್ಲ. ಸುದ್ದಿ ಬಂದರೆ ಮೂರು ದಿನ ಬಾಗಿಲು ತೆರೆದಿಟ್ಟು ಕೂರುತ್ತಾರೆ, ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಕೊಡುತ್ತಾರೆ. ಈಗ ಜೈಲುಗಳು ಬರಿದಾಗಿದ್ದವು, ಇನ್ನು ಬರುವವರು ಯಾರೂ ಇಲ್ಲ. ಸುದ್ದಿ ಬರದಿರುವುದೇ ಸುದ್ದಿ ಎಂದು ಅನೇಕ ಮನೆಗಳವರು ನಲವತ್ತು ವರ್ಷ ಮುಚ್ಚಿದ್ದ ದುಃಖಕ್ಕೆ ಬಾಗಿಲು ತೆರೆದು ಕೂತರು. ಸಾಮಿಯೂ ಅದನ್ನೇ ಹೇಳುತ್ತಿದ್ದ. ಅಬು ಸಾಮಿ ಒಪ್ಪಲಿಲ್ಲ.

"ಮುಖ ನೆನಪೈತಿ, ಧ್ವನಿ ನೆನಪಿಲ್ಲ," ಎಂದರು ನನಗೆ. "ಧ್ವನೀನ ನೆನಪಿಲ್ಲದವಗ ಸತ್ತಾನಂತ ಹೆಂಗ ಕೂಡಲಿ? ಒಮ್ಮೆ ಕೇಳಸು. ಆಮ್ಯಾಲ ನೋಡೂಣು."

ಕ್ಯಾಸೆಟ್ಟಿನಲ್ಲಿದ್ದದ್ದು ಒಂದು ಭಾಷಣ. ಐವತ್ತರ ದಶಕದ ಕೊನೆಯಲ್ಲಿ ಈಜಿಪ್ಟ್ ಮತ್ತು ಸಿರಿಯಾ ಸೇರಿ ಒಂದೇ ದೇಶವಾದಾಗ ಈಜಿಪ್ಟಿನ ಅಧ್ಯಕ್ಷ ಡಮಾಸ್ಕಸ್‌ಗೆ ಬಂದು ಬಾಲ್ಕನಿಯಲ್ಲಿ ನಿಂತು ಮಾತಾಡಿದ್ದ. ಕೆಳಗೆ ಊರಿಗೆ ಊರೇ. ಕಾಲೇಜು ಹುಡುಗನಾಗಿದ್ದ ಯಾಸೀನ್ ತಮ್ಮನನ್ನು ಮನೆಯಲ್ಲಿ ಬಿಟ್ಟು ಬಾಲ್ಕನಿಯ ಕೆಳಗೇ ಹೋಗಿ ನಿಂತಿದ್ದನಂತೆ. ನಡುವೆ ಭಾಷಣಕಾರ ಉಸಿರೆಳೆದುಕೊಳ್ಳಲು ನಿಂತ ಗಳಿಗೆಯಲ್ಲಿ ಅವನು ಕೂಗಿದ್ದು ರೇಡಿಯೋದಲ್ಲಿ ಬಂತಂತೆ. ರೇಡಿಯೋ ಅಂಗಡಿ ಇಟ್ಟಿದ್ದ ಸೋದರಮಾವ ಅದನ್ನು ಟೇಪಿಗೆ ಹಿಡಿದ. ಅಮೆರಿಕಕ್ಕೆ ಹೊರಟಾಗ ಅಬು ಸಾಮಿ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ತಂದರು. ಮನೆಯವರೆಲ್ಲ "ಇಗೋ ಇಲ್ಲಿ, ಇದೇ" ಎನ್ನುತ್ತಿದ್ದ ಗಳಿಗೆ ಅದು. ಕಾಲ ಕಳೆದಂತೆ ಟೇಪು ಸವೆದು ಆ ಗಳಿಗೆಯಲ್ಲಿ ಬರೀ ಸಮುದ್ರದಂಥ ಒಂದು ಸದ್ದು ಉಳಿದಿತ್ತು.

ಶನಿವಾರಗಳಲ್ಲಿ ಮ್ಯಾನೇಜರನ ಅನುಮತಿ ಪಡೆದು ಲ್ಯಾಬಿನಲ್ಲಿ ಕೂರುತ್ತಿದ್ದೆ. ಮೊದಲು ಕ್ಯಾಸೆಟ್ಟನ್ನು ಹಾಗೇ ಕಂಪ್ಯೂಟರಿಗೆ ಇಳಿಸಿದೆ, ಏನನ್ನೂ ತೆಗೆಯದೆ. ಆಮೇಲೆ ವಿದ್ಯುತ್ತಿನ ಗುಂಯ್ ಸದ್ದು, ಟೇಪಿನ ಸುಯ್ ಸದ್ದು, ಒಂದೊಂದಾಗಿ ನಿಧಾನ. ಭಾಷಣವನ್ನು ಬಿಡಿಸುವುದು ಸುಲಭ, ಅದು ಮೈಕಿನ ಬಳಿ ಇದೆ. ಗುಂಪು ಕಷ್ಟ. ನನ್ನ ಕೈ ಇಷ್ಟು ವರ್ಷ ಗದ್ದಲವನ್ನು ತೆಗೆಯಲು ಕಲಿತ ಕೈ. ಇಲ್ಲಿ ಬೇಕಾದವನು ಗದ್ದಲದಲ್ಲೇ ಇದ್ದ.

"ಟೈಮ್ ಹಿಡಿತದ್ರಿ," ಎಂದೆ.

"ಹಿಡೀಲಿ. ನಾ ಎಲ್ಲಿ ಹೊಂಟೇನಿ?"

ಟೇಪಿನ ನೆಪದಲ್ಲಿ ಅವರು ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದರು. ಭಾಷೆ ಒಂದಾದರೆ ಜನ ಒಂದು, ಜನ ಒಂದಾದರೆ ದೇಶ ಒಂದು ಎಂದು ಆಗ ನಂಬಿದ್ದನ್ನು ಹೇಳುತ್ತಿದ್ದರು. ಇಂಗ್ಲಿಷರೂ ಫ್ರೆಂಚರೂ ಎಳೆದ ಗೆರೆಗಳನ್ನು ಅಳಿಸಿ, ಶಾಲೆಯ ನಕಾಶೆಯಲ್ಲಿ ಅಟ್ಲಾಂಟಿಕ್‌ನಿಂದ ಕೊಲ್ಲಿಯವರೆಗೆ ಒಂದೇ ಬಣ್ಣ ಬಳಿಯುತ್ತಿದ್ದರಂತೆ. ಆ ಒಕ್ಕೂಟ ಮೂರು ವರ್ಷ ಚಿಲ್ಲರೆಗೆ ಮುರಿದುಬಿತ್ತು. ಆಮೇಲೆ ಅರವತ್ತೇಳರ ಯುದ್ಧದಲ್ಲಿ ಸೋಲು. ರೇಡಿಯೋ ಗೆದ್ದೆವು ಗೆದ್ದೆವು ಎನ್ನುತ್ತಿತ್ತು, ಅರಬರ ವಿಮಾನಗಳು ನೆಲದ ಮೇಲೇ ಸುಟ್ಟುಹೋಗಿದ್ದವು. ಅಷ್ಟರಲ್ಲಿ ಏಕತೆಯ ಅದೇ ಮಾತುಗಳನ್ನು ಸೈನಿಕರ ಪಕ್ಷವೊಂದು ಎತ್ತಿಕೊಂಡು ಠಾಣೆಯ ಗೋಡೆಗೂ ಜೈಲಿನ ಗೇಟಿಗೂ ಬರೆಸಿತ್ತು.

"ವೈರಿ ಬಂದು ಒಯ್ದಿದ್ರ ಸಮಾಧಾನ ಇರ್ತಿತ್ತು," ಎಂದರು ಒಮ್ಮೆ. "ನಮ್ಮ ಮಾತು ಆಡಿಕೋಂತನ ಬಂದು ನಮ್ಮವನ್ನ ಒಯ್ದ್ರು."

ನಾನು ನನ್ನ ಅಜ್ಜನ ಕತೆ ಹೇಳಿದೆ. ಧಾರವಾಡ ಮುಂಬಯಿ ರಾಜ್ಯದಲ್ಲಿದ್ದಾಗ, ಕನ್ನಡದವರೆಲ್ಲ ಒಂದೇ ರಾಜ್ಯವಾಗಬೇಕೆಂದು ಹೊರಟ ಮೆರವಣಿಗೆಯಲ್ಲಿ ಲಾಠಿ ಏಟು ತಿಂದೆ ಎಂದು ಅಜ್ಜ ಬೆನ್ನು ತೋರಿಸುತ್ತಿದ್ದ. ಆ ಗುರುತು ಲಾಠಿಯದಲ್ಲ, ಎತ್ತು ಹಾಯ್ದದ್ದು ಎಂದು ಅಜ್ಜಿ ಹೇಳುತ್ತಿದ್ದಳು.

"ನಿಮ್ಮದು ಕೂಡಿತೋ ಇಲ್ಲೋ?"

"ಕೂಡಿತ್ರಿ. ಐವತ್ತಾರರಾಗ."

"ಮತ್ತೇನಾತು?"

"ಮತ್ತೇನಿಲ್ಲ. ಇಲ್ಲಿ ಡೆಟ್ರಾಯ್ಟ್‌ನ್ಯಾಗ ಎರಡು ಕನ್ನಡ ಕೂಟ ಆಗ್ಯಾವ. ಇವರ ರಾಜ್ಯೋತ್ಸವಕ್ಕ ಅವರು ಬರಂಗಿಲ್ಲ."

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಅಂದರು: "ನಮ್ಮ ಬಾಜೂ ಮನ್ಯಾಗ ಕುರ್ದರಿದ್ರು, ಅವರ ಭಾಷಾನ ಬ್ಯಾರೆ. ಒಂದ ದೇಶ ಅಂತ ಕೂಗೋ ಮುಂದ ಅವರನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನೀವು ಕೇಳಿದ್ರೇನು, ನಿಮ್ಮ ಬಾಜೂದವರನ್ನ?" ಧಾರವಾಡದ ನಮ್ಮ ಓಣಿಯ ಮರಾಠಿ ಮನೆಗಳು ನೆನಪಾದವು. ನಾನು ಚಹಾಕ್ಕೆ ನೀರಿಟ್ಟೆ.

ಆ ಸಂಕ್ರಾಂತಿಗೆ ನಾಗರಾಜ್ ಅಂಕಲ್ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಇತ್ತು. ನಮ್ಮಲ್ಲಿ ಎಲ್ಲರಿಗಿಂತ ಮೊದಲು ಬಂದು ನೆಲೆಯೂರಿದ ಹಿರಿಯರು ಅವರು. ಎಳ್ಳುಬೆಲ್ಲದ ಪೊಟ್ಟಣ ಕೈಗಿಡುತ್ತ, "ಏನಮ್ಮಾ, ಎದುರು ಮನೆ ಅರಬ್ ತಾತಂಗೆ ಟೇಪ್ ರಿಪೇರಿ ಮಾಡ್ಕೊಡ್ತಿದೀಯಂತೆ?" ಎಂದರು.

"ಹೌದು ಅಂಕಲ್. ಅವರ ಅಣ್ಣನ ಧ್ವನಿ ಇದೆ ಅದ್ರಲ್ಲಿ."

"ಬೇಡ ಬಿಡಮ್ಮ. ಆ ಕಡೆ ಜನ ಯಾವಾಗ್ಲೂ ಹೊಡ್ದಾಡ್ಕೊಂಡೇ ಇರ್ತಾರೆ. ಒಗ್ಗಟ್ಟೇ ಇಲ್ಲ ಅವ್ರಲ್ಲಿ."

"ಈ ಸಲ ಎರಡೂ ಕೂಟ ಸೇರಿ ಯುಗಾದಿ ಮಾಡ್ತೀವಾ ಅಂಕಲ್?"

ಅವರ ಕೈ ಎಳ್ಳಿನ ತಟ್ಟೆಯ ಮೇಲೇ ನಿಂತಿತು. "ಅದು ಬೇರೆ ವಿಷ್ಯ," ಎಂದರು. ಆಂಟಿ ಬಂದು ಬಿಸಿಬೇಳೆಬಾತ್ ಬಡಿಸಿದರು. ಕಾರಿನಲ್ಲಿ ಶ್ರೀಧರ, "ನಿಂಗೆ ಹಬ್ಬದ ದಿನಾನೂ ಜಗಳ ಬೇಕು," ಎಂದ. ಬೇಕಾಗಿತ್ತು. ಒಬ್ಬ ಮನುಷ್ಯನ ಅಣ್ಣ ಎಲ್ಲಿ ಹೋದ ಎಂಬುದಕ್ಕೆ ಎಳ್ಳುಬೆಲ್ಲ ತಿನ್ನುತ್ತ ಕೊಡುವ ಈ ಉತ್ತರವನ್ನು ನಾನು ಆ ಚಳಿಗಾಲದಲ್ಲಿ ಬೇಕಾದಷ್ಟು ಮನೆಗಳಲ್ಲಿ ಕೇಳಿದೆ. ಪ್ರತಿ ಸಲವೂ ಊಟ ಚೆನ್ನಾಗಿತ್ತು.

ನಾನು ನಿಧಾನ ಮಾಡಿದೆನೋ, ಸಾಮಿ ಅವಸರ ಮಾಡಿದನೋ. ಅಪ್ಪ ದುಃಖಕ್ಕೆ ಕೂರಬೇಕು, ಅತ್ತು ಮುಗಿಸಬೇಕು, ನಿದ್ದೆ ಮಾಡಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ. ಹಳೆಯ ಆ ಏಕತೆಯ ಮಾತು ಅವನಿಗೆ ಕಂಡರಾಗುತ್ತಿರಲಿಲ್ಲ. "ಅರಬ್ ಅನ್ನೋದು ಬೇಡ, ಸಿರಿಯನ್ ಅಂದ್ರೆ ಸಾಕು. ಆ ಒಂದೇ ದೇಶದ ಹುಚ್ಚು ನಮ್ಮ ದೊಡ್ಡಪ್ಪನ್ನ ತಿಂತು," ಎನ್ನುತ್ತಿದ್ದ. (ಸಾಮಿ ನನ್ನ ತಲೆಯಲ್ಲಿ ಬೆಂಗಳೂರಿನ ಕನ್ನಡ ಮಾತಾಡುತ್ತಾನೆ.) ಶಿಕಾಗೋ ಹತ್ತಿರ ಓಕ್ ಬ್ರೂಕ್‌ನಲ್ಲಿ ಅವನ ಸೋದರತ್ತೆಯ ಮಗಳು ಲೀನಾ ಜಾಹೀರಾತಿನ ವೀಡಿಯೊ ಮಾಡುವ ಕಂಪನಿ ನಡೆಸುತ್ತಿದ್ದಳು. ಅಪ್ಪನಿಗೆ ಹೇಳದೆ, ನನಗೂ ಹೇಳದೆ, ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಅವಳಿಗೆ ಕಳಿಸಿದ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಡಿಯರ್‌ಬಾರ್ನ್‌ನ ಒಂದು ಬ್ಯಾಂಕ್ವೆಟ್ ಹಾಲಿನಲ್ಲಿ ಕಣ್ಮರೆಯಾದವರ ನೆನಪಿಗೆ ಸಭೆಯಿತ್ತು. ನಾನೂ ಶ್ರೀಧರನೂ ಹೋದೆವು. ಹೊರಗೆ ಕರಗಲೆಂದು ಉಪ್ಪು ಚೆಲ್ಲಿದ ಕೆಸರು ಹಿಮ, ಒಳಗೆ ಓವನ್ನಿನಿಂದ ಆಗತಾನೆ ತೆಗೆದ ರೊಟ್ಟಿಗಳ ಪರಿಮಳ. ಅಬು ಸಾಮಿ ಮುಂದಿನ ಸಾಲಿನಲ್ಲಿ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಕೂತಿದ್ದರು. ಸಾಮಿ ಮೈಕು ಹಿಡಿದು, ಒಂದು ಸರ್‌ಪ್ರೈಸ್ ಇದೆ, ಇವತ್ತು ನಮ್ಮ ದೊಡ್ಡಪ್ಪ ವಾಪಸ್ ಬಂದಿದಾರೆ ಎಂದ. ಲೀನಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು.

ಭಾಷಣ ಬಂತು. ಗಾಜಿನಷ್ಟು ಸ್ವಚ್ಛ. ಬಾಲ್ಕನಿಯ ಮೇಲೆ ನಾಯಕನೊಬ್ಬನೇ ಇದ್ದ. ಕೆಳಗೆ ಯಾರೂ ಇರಲಿಲ್ಲ. ಇಡೀ ಊರನ್ನು ಒರೆಸಿ ಹಾಕಿದ್ದರು, ಖಾಲಿ ಚೌಕಕ್ಕೆ ಒಬ್ಬ ಭಾಷಣ ಮಾಡುತ್ತಿದ್ದ. ನಂತರ ಆ ವಿರಾಮ. ವಿರಾಮದಲ್ಲಿ ಒಂದು ಎಳೆಯ, ನುಣುಪಾದ, ಸುಂದರ ಧ್ವನಿ ಕೂಗಿತು. ಅರಬ್ಬಿ ನನಗೆ ಬಾರದು. ಆದರೆ ಸಭೆಯ ಅರ್ಧ ಜನ ಎದ್ದು ಚಪ್ಪಾಳೆ ತಟ್ಟಿದರು, ಹೆಂಗಸರು ಅತ್ತರು. ಉಳಿದರ್ಧ, ಹೆಚ್ಚಾಗಿ ಮುದುಕರು, ಕೂತಲ್ಲೇ ಕೂತಿದ್ದರು. ಅಬು ಸಾಮಿ ಎದ್ದರು. ಕೋಟನ್ನು ಕುರ್ಚಿಯ ಮೇಲೇ ಬಿಟ್ಟು ಹೊರಗೆ ನಡೆದರು.

ಪಾರ್ಕಿಂಗ್ ಲಾಟಿನಲ್ಲಿ ಅವರನ್ನು ಹಿಡಿದೆ. ಬರೀ ಶರ್ಟಿನಲ್ಲಿದ್ದರು.

"ಅದು ಅವರ ಧ್ವನಿ ಅಲ್ಲೇನ್ರಿ?" ಎಂದೆ.

"ಧ್ವನಿ ಹಾಳಾಗಿ ಹೋಗಲಿ. ಏನ ಕೂಗಿದ ಗೊತ್ತೇನು ನಿನಗ?"

ಹೇಳಿದರು. ಅರಬರು ಒಂದೇ ರಾಷ್ಟ್ರ, ಅದರ ಸಂದೇಶ ಶಾಶ್ವತ ಎಂಬರ್ಥದ ಘೋಷಣೆ. ಸೈನಿಕರ ಆ ಪಕ್ಷದ ಘೋಷಣೆ. ಅಧಿಕಾರಕ್ಕೆ ಬಂದ ಮೇಲೆ ದಿನಾ ಬೆಳಿಗ್ಗೆ ದೇಶದ ಎಲ್ಲ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದನ್ನೇ ಕೂಗಿಸುತ್ತಿದ್ದರು. ಯಾಸೀನ್ ಮೇಷ್ಟ್ರು ಒಂದು ದಿನ ತನ್ನ ತರಗತಿಯ ಮಕ್ಕಳನ್ನು ಕೂಗಲು ಬಿಡಲಿಲ್ಲ. ನಾವು ಹುಡುಗರಾಗಿದ್ದಾಗ ಯಾರೂ ಹೇಳಿಸದೆ ಕೂಗಿದ್ದೆವು, ಹೇಳಿಸಿಕೊಂಡು ಕೂಗುವುದು ಬೇಡ ಎಂದನಂತೆ. ಎತ್ತಿಕೊಂಡು ಹೋದದ್ದು ಅದಕ್ಕೇ.

"ಆ ಮಾತು ಆಡಂಗಿಲ್ಲ ಅಂದದ್ದಕ್ಕ ಅವನ್ನ ಒಯ್ದ್ರು," ಎಂದರು. "ಇವತ್ತ ನಮ್ಮ ಹುಡುಗ್ರು ಆಡಿಸಿಬಿಟ್ರು. ಜೈಲಿನವರಿಗೂ ಆಗದ್ದು ಇವರ ಕೈಲೆ ಆತು."

ಶ್ರೀಧರ ಅವರನ್ನು ನಮ್ಮ ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದ. ನಾನು ಕೋಟು ತರಲು ಒಳಗೆ ಹೋದೆ. ಲೀನಾ ಲ್ಯಾಪ್‌ಟಾಪ್ ಮಡಚುತ್ತಿದ್ದಳು. ಆ ವಿರಾಮದಲ್ಲಿ ಏನಿತ್ತು ಎಂದು ಕೇಳಿದೆ.

"ಅಲ್ಲಿ ಬರೀ ನಾಯ್ಸ್ ಇತ್ತು," ಎಂದಳು. "ಸಾಫ್ಟ್‌ವೇರ್ ತೆಗೆದುಹಾಕ್ತು. ಖಾಲಿ ಬಿಡೋಕೆ ಆಗುತ್ತಾ? ಸಾಮಿ ವಾಯ್ಸ್ ತಗೊಂಡು ವಯಸ್ಸು ಕಮ್ಮಿ ಮಾಡಿ ಕೂರಿಸಿದೆ. ಸ್ಲೋಗನ್ ಆನ್‌ಲೈನಲ್ಲಿ ಸಿಕ್ತು. ಅರಬ್ ಯೂನಿಟಿ ಅಂದ್ರೆ ಅದೇ ಬರುತ್ತೆ."

ಕೆಟ್ಟವಳಲ್ಲ, ಇಲ್ಲಿ ಹುಟ್ಟಿದವಳು. ಅವಳಿಗೆ ಆ ದೊಡ್ಡ ಕನಸೂ ಅದನ್ನು ಕೊಂದವರೂ ಒಂದೇ ಹುಡುಕಾಟದಲ್ಲಿ, ಒಂದೇ ಸಾಲಿನಲ್ಲಿ ಸಿಕ್ಕಿದ್ದರು. ಇದು ಅರ್ಥವಾದರೂ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಈಗಲೂ ಆಗಿಲ್ಲ.

ಸಾಮಿ ಬಾಗಿಲಲ್ಲಿ ಅಡ್ಡ ನಿಂತ. "ಅಪ್ಪ ಖುಷಿ ಪಡ್ತಾರೆ ಅಂದ್ಕೊಂಡೆ. ದೊಡ್ಡಪ್ಪನ್ನ ಯಾಕೆ ಹಿಡ್ಕೊಂಡು ಹೋದ್ರು ಅಂತ ಅವ್ರು ನಂಗೆ ಯಾವತ್ತೂ ಹೇಳಿಲ್ಲ."

"ನೀ ಕೇಳಿದ್ದೇನು?"

ಅವನು ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಯ್ದ. ಕಾರಿನ ಕಿಟಕಿ ಇಳಿಯಿತು, ಕೋಟು ಒಳಗೆ ಹೋಯಿತು, ಕಿಟಕಿ ಏರಿತು.

ಹಿಂದಿರುಗುವಾಗ ಹಿಂದಿನ ಸೀಟಿನಿಂದ ಅವರು ಕೇಳಿದ್ದು ಒಂದೇ ಮಾತು. "ನಿನ್ನ ಹತ್ರ ಇರೋದ್ರಾಗ ಮಂದಿ ಅದಾರೇನು, ಮಗಳ?"

"ಎಲ್ಲಾರೂ ಅದಾರ್ರಿ."

ಮುಂದಿನ ಶನಿವಾರ ವಿಸಿಟರ್ ಬ್ಯಾಡ್ಜ್ ಮಾಡಿಸಿ ಅವರನ್ನು ಲ್ಯಾಬಿಗೆ ಕರೆದೊಯ್ದೆ. ಬ್ಯಾಡ್ಜಿನ ಮೇಲೆ ಅವರ ಸ್ವಂತ ಹೆಸರು ಮೊದಲ ಬಾರಿಗೆ ನೋಡಿದೆ. ಇಲ್ಲಿ ಬರೆಯುವುದಿಲ್ಲ. ಆ ಕೋಣೆಯಲ್ಲಿ ಗೋಡೆಗಳು ಯಾವ ಸದ್ದನ್ನೂ ಹಿಂದಿರುಗಿಸುವುದಿಲ್ಲ. ಹೊಸಬರಿಗೆ ತಮ್ಮ ರಕ್ತ ಓಡುವುದೂ ಕೇಳಿಸುತ್ತದೆ, ಕೆಲವರು ಹೆದರಿ ಹೊರಗೆ ಬರುತ್ತಾರೆ. ಅವರು ಹೆದರಲಿಲ್ಲ. ನಡುವೆ ಕುರ್ಚಿ ಹಾಕಿ ಕೂರಿಸಿದೆ. ಏನನ್ನೂ ತೆಗೆಯದ, ನಾನು ಮೊದಲ ದಿನ ಇಳಿಸಿಕೊಂಡ ಪ್ರತಿಯನ್ನೇ ಹಾಕಿದೆ. ಸುಯ್ ಸದ್ದು, ಗುಂಯ್ ಸದ್ದು, ದೂರದಲ್ಲಿ ನಾಯಕ, ಸುತ್ತಲೂ ಜನ. ಪ್ರತಿಧ್ವನಿಯಿಲ್ಲದ ಆ ಕೋಣೆಯಲ್ಲಿ ಆ ಜನ ಗೋಡೆಗಳಾಚೆಗೂ ನಿಂತಿದ್ದಾರೆ ಅನಿಸಿತು. ಅಥವಾ ಈಗ ಅನಿಸುತ್ತಿದೆ.

ವಿರಾಮ ಬಂತು. ಏನೋ ಒಂದು ಎದ್ದಿತು. ಒಂದು ಗಂಟಲೋ, ಹತ್ತೋ. ಅವರು ಕೈಯೆತ್ತಿದರು. ನಿಲ್ಲಿಸು ಎಂದೋ, ತಡಿ ಎಂದೋ, ಇವನೇ ಎಂದೋ. ಟೇಪು ಓಡಿ ಮುಗಿಯಿತು. ಇನ್ನೊಮ್ಮೆ ಹಾಕಲೇ ಎಂದೆ. ಬೇಡ ಎಂದು ತಲೆಯಾಡಿಸಿದರು. "ಬಾಗ್ಲಾ ತಗಿ," ಎಂದರು.

ಆ ವಾರವೇ ಎದುರು ಮನೆಯ ಬಾಗಿಲು ತೆರೆಯಿತು. ಡ್ರೈವ್‌ವೇ ತುಂಬ ಕಾರುಗಳು. ಸಾಮಿ ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿಯುತ್ತಿದ್ದ. ಓಕ್ ಬ್ರೂಕ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಲೀನಾ ಸಣ್ಣ ಕಪ್ಪುಗಳಲ್ಲಿ ಕಾಫಿ ಹಂಚುತ್ತಿದ್ದಳು. ಅಬು ಸಾಮಿ ಅವಳ ಕೈಯಿಂದ ಕಪ್ಪು ತೆಗೆದುಕೊಂಡರು. ನಾಗರಾಜ್ ಅಂಕಲ್ ಕೂಡ ಬಂದರು. ಶ್ರೀಧರ ಎಳೆದುಕೊಂಡು ಬಂದಿರಬೇಕು. ಕಾಫಿ ಕುಡಿದು ಮುಖ ಹಿಂಡಿದರು, ಸಕ್ಕರೆ ಕೇಳಲಿಲ್ಲ.

ಅಣ್ಣನ ಧ್ವನಿಯ ಗುರುತು ಸಿಕ್ಕಿತೇ ಎಂದು ಅಬು ಸಾಮಿಯನ್ನು ನಾನು ಎರಡು ಸಲ ಕೇಳಿದೆ. ಮೊದಲ ಸಲ ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದರು. ಎರಡನೆಯ ಸಲ, ಹಿಮ ಕರಗಿದ ಮೇಲೆ, "ನಿಮ್ಮ ಎರಡು ಕೂಟ ಕೂಡಿದ್ವೇನು?" ಎಂದರು. ಇಲ್ಲ ಎಂದೆ. ಬೇಸಿಗೆಗೆ ಮೊದಲೇ ಅವರು ಡಮಾಸ್ಕಸ್‌ಗೆ, ಅಲ್ಲೇ ಉಳಿದಿದ್ದ ತಂಗಿಯ ಮನೆಗೆ ಹೋದರು, ಇನ್ನೂ ಬಂದಿಲ್ಲ. ಆ ಪ್ರತಿ ನನ್ನ ಬಳಿಯೇ ಇದೆ. ಇವತ್ತು ಹೊಸ ಫೋಮಿನ ವಾಸನೆಯಲ್ಲಿ ನಿಂತು ಅದನ್ನೇ ಹಾಕಿ ಕೇಳಿದೆ. ಗುಂಪು ಇದೆ, ವಿರಾಮ ಇದೆ, ವಿರಾಮದಲ್ಲಿ ಏನೋ ಇದೆ.

ಆ ದಿನ ಅವರು ಅಣ್ಣನ ಧ್ವನಿ ಕೇಳಿ ದುಃಖಕ್ಕೆ ಕೂತರೋ, ಅಲ್ಲಿ ಅವನಿಲ್ಲ ಎಂದು ತಿಳಿದು ಕೂತರೋ, ನನಗೆ ಗೊತ್ತಿಲ್ಲ.